ಪಲ್ಲವಿ ಮಾತ್ರ ಕೇಳಿದ್ರೆ ಹಾಡು ಅರ್ಧ ಉಳ್ಕೊಳ್ಳತ್ತೆ

ನಮಸ್ಕಾರ ಸರ್, ಹೋದ ಸಂಚಿಕೇಲಿ ಅಮೆರಿಕದ ಪಾಪ್ ಹಾಡುಗಳ ಬಗ್ಗೆ ಬಂದ ಲೇಖನ ಓದಿ ನೀವು ಬರೆದ ಪತ್ರ ಸಿಕ್ತು. ಮಗ ತೋರಿಸ್ದ ಅಂತ 'ದಿಸ್ ಈಸ್ ಅಮೆರಿಕ' ವಿಡಿಯೋ ನೋಡಿದ್ರಂತೆ, ಕುಣಿತ, ಗನ್ನು, ರಕ್ತ ಬಿಟ್ರೆ ಏನೂ ಕಾಣ್ಲಿಲ್ಲ, ಇದ್ರಲ್ಲಿ ರಾಜಕೀಯ ಎಲ್ಲಿದೆ ಅಂತ ಒಂದು ಪ್ರಶ್ನೆ, ಇದ್ರೂ ಬರೀ ಒಂದೇ ಪಕ್ಷದವರದ್ದು ಯಾಕೆ ಅಂತ ಇನ್ನೊಂದು.

ನೀವು ಕುಣಿಯೋನನ್ನ ನೋಡಿದೀರಿ ಸರ್, ಎಲ್ರೂ ಮೊದಲ ಸಲ ಅಲ್ಲೇ ಕಣ್ಣಿಡ್ತಾರೆ. 2018ರ ಮೇನಲ್ಲಿ ಬಂದ ಈ ವಿಡಿಯೋನ ಡೈರೆಕ್ಟರ್ ಹಿರೋ ಮುರಾಯ್, ಹಾಡಿದ್ದು ಚೈಲ್ಡಿಶ್ ಗ್ಯಾಂಬಿನೋ ಅಂದ್ರೆ ಡೊನಾಲ್ಡ್ ಗ್ಲೋವರ್. ಅವನೂ ಯೂನಿಫಾರ್ಮ್ ಹಾಕಿದ ಮಕ್ಕಳೂ ಮುಂದೆ ಖುಷಿಯಾಗಿ ಕುಣೀತಿರ್ತಾರೆ, ಹಿಂದ್ಗಡೆ ಜನ ದಿಕ್ಕಾಪಾಲಾಗಿ ಓಡ್ತಿರ್ತಾರೆ, ಬೆಂಕಿ ಉರೀತಿರತ್ತೆ. ಗ್ಲೋವರ್ ಒಬ್ಬನಿಗೆ ಗುಂಡು ಹೊಡೆದ ಮೇಲೆ ಒಬ್ಬ ಹುಡುಗ ಓಡಿ ಬಂದು ಗನ್ನನ್ನ ಕೆಂಪು ಬಟ್ಟೇಲಿ ಜೋಪಾನವಾಗಿ ಇಸ್ಕೊಳ್ತಾನೆ, ಸತ್ತವನನ್ನ ಮಾತ್ರ ನೆಲದ ಮೇಲೆ ದರದರ ಎಳ್ಕೊಂಡು ಹೋಗ್ತಾರೆ! ಅಮೆರಿಕದಲ್ಲಿ ಗನ್ನಿಗಿರೋ ಬೆಲೆ ಮನುಷ್ಯನಿಗಿಲ್ಲ ಅನ್ನೋದನ್ನ ಇದಕ್ಕಿಂತ ನೇರವಾಗಿ ಹೇಳಿದ್ದು ನಾನು ನೋಡಿಲ್ಲ. ಚರ್ಚಿನ ಹಾಡುಗಾರರ ಗುಂಪನ್ನ ಹೊಡೆದುರುಳಿಸೋ ದೃಶ್ಯ ಇದ್ಯಲ್ಲ, ಅಲ್ಲಿ ಬಹಳ ಜನಕ್ಕೆ ನೆನಪಾಗಿದ್ದು ಚಾರ್ಲ್ಸ್‌ಟನ್, 2015ರ ಜೂನ್‌ನಲ್ಲಿ ಅಲ್ಲಿನ ಎಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಓದ್ತಾ ಕೂತಿದ್ದ ಒಂಬತ್ತು ಕಪ್ಪು ಜನರನ್ನ ಒಬ್ಬ ಬಿಳಿ ಯುವಕ ಕೊಂದಿದ್ದ. ನೋಡಕ್ಕೆ ಕಷ್ಟ ಆಗತ್ತೆ ಅನ್ನೋ ನಿಮ್ಮ ಮಾತು ನಿಜ, ಚಿಕ್ಕ ಮಕ್ಕಳಿಗೆ ತೋರಿಸಬೇಡಿ ಅಂತ ನಾನೂ ಹೇಳ್ತೀನಿ.

ಕಿವಿಗೂ ಹೀಗೇ ಆಗತ್ತೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನ 'ಬಾರ್ನ್ ಇನ್ ದಿ ಯುಎಸ್ಎ' 1984ರದ್ದು, ಪಲ್ಲವಿ ಕೇಳಿದ್ರೆ ದೇಶಭಕ್ತಿ ಘೋಷಣೆ ಅನ್ಸತ್ತೆ, ಚರಣ ಕೇಳಿದ್ರೆ ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದು ಕೆಲಸಾನೂ ಸಿಗದೆ ಅಲೆಯೋ ಸೈನಿಕನ ಗೋಳು. ಆ ವರ್ಷ ಎಲೆಕ್ಷನ್ ಪ್ರಚಾರಕ್ಕೆ ನ್ಯೂಜೆರ್ಸಿಗೆ ಬಂದ ಆಗಿನ ರಿಪಬ್ಲಿಕನ್ ಅಧ್ಯಕ್ಷ ರೇಗನ್, ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿ ಭರವಸೆ ಇದೆ ಅಂತ ಹೊಗಳಿ ಹೋದ್ರು.

ಇನ್ನು ಎರಡನೇ ಪ್ರಶ್ನೆ. ಒಂದೇ ಪಕ್ಷದವರದ್ದು ಅನ್ನೋದು ಸರಿಯಲ್ಲ ಸರ್, ಬಲಪಂಥದವರು ಮೆಚ್ಚಿಕೊಂಡ ಹಾಡುಗಳೂ ಇವೆ. 2023ರಲ್ಲಿ ಜೇಸನ್ ಆಲ್ಡೀನ್ ಅನ್ನೋ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿಯ) ಗಾಯಕ 'ಟ್ರೈ ದಟ್ ಇನ್ ಎ ಸ್ಮಾಲ್ ಟೌನ್' ಅಂತ ಒಂದು ಹಾಡು ತಂದ, ಸಿಟಿಯಲ್ಲಿ ನಡೆಸೋ ಗಲಾಟೇನ ನಮ್ಮ ಊರಲ್ಲಿ ನಡೆಸಿ ನೋಡಿ ಅನ್ನೋ ಧಾಟಿ. ವಿಡಿಯೋ ತೆಗೆದಿದ್ದು ಟೆನೆಸ್ಸಿಯ ಒಂದು ಕೋರ್ಟ್ ಕಟ್ಟಡದ ಮುಂದೆ, 1927ರಲ್ಲಿ ಹೆನ್ರಿ ಚೋಟ್ ಅನ್ನೋ 18 ವರ್ಷದ ಕಪ್ಪು ಹುಡುಗನನ್ನ ಜನರ ಗುಂಪು ನೇಣು ಹಾಕಿದ್ದು ಅದೇ ಕಟ್ಟಡದಲ್ಲಿ. ಹಾಡಲ್ಲಿ ಜನಾಂಗದ ಮಾತೇ ಇಲ್ಲ ಅಂತ ಆಲ್ಡೀನ್ ಹೇಳಿದ, ಸಾಹಿತ್ಯದಲ್ಲಿ ಇಲ್ಲ ನಿಜ, ಆದ್ರೆ ಆ ಕಟ್ಟಡದ ಗೋಡೆ ಮೇಲೆ ಪ್ರತಿಭಟನೆಗಳ ದೃಶ್ಯ ಮೂಡಿಸಿ ತೋರಿಸಿದ ಮೇಲೆ ಬರೀ ಸಾಹಿತ್ಯ ಇಟ್ಕೊಂಡು ಮಾತಾಡಕ್ಕಾಗಲ್ಲ. ಕಂಟ್ರಿ ಹಾಡುಗಳ ಟಿವಿ ಚಾನೆಲ್ ಸಿಎಂಟಿ ಈ ವಿಡಿಯೋ ತೆಗೆದುಹಾಕ್ತು, ಅದಾದ ಮೇಲೆ ಹಾಡು ಬಿಲ್‌ಬೋರ್ಡ್ ಅನ್ನೋ ಜನಪ್ರಿಯ ಹಾಡುಗಳ ಪಟ್ಟೀಲಿ ನಂಬರ್ ಒನ್ ಆಯ್ತು.

ಅದೇ ವರ್ಷ ಆಗಸ್ಟ್‌ನಲ್ಲಿ ಆಲಿವರ್ ಆಂಥನಿ ಅನ್ನೋ ವರ್ಜೀನಿಯಾದ ಗಾಯಕ, ಕಡಿಮೆ ಸಂಬಳ, ತೆರಿಗೆ, ವಾಷಿಂಗ್ಟನ್‌ನ ಶ್ರೀಮಂತರು ಅಂತ ಹೊಟ್ಟೆ ಉರಿದು ಹಾಡಿದ್ದು ರಾತ್ರೋರಾತ್ರಿ ಹಿಟ್. ಅಧ್ಯಕ್ಷ ಚುನಾವಣೆಗೆ ನಿಲ್ಲೋಕೆ ಹೊರಟಿದ್ದ ರಿಪಬ್ಲಿಕನ್ನರ ಟಿವಿ ಡಿಬೇಟ್‌ನಲ್ಲೇ ಅದನ್ನ ಹಾಕಿದ್ರು, ಅವನು ಮಾತ್ರ ನಾನು ಬರೆದಿದ್ದೇ ಆ ವೇದಿಕೆ ಮೇಲಿದ್ದವರ ಬಗ್ಗೆ ಅಂದುಬಿಟ್ಟ. ಸರ್ಕಾರದ ನೆರವು ಪಡೆಯೋ ದಪ್ಪಗಿರೋರನ್ನ ಅದರಲ್ಲಿ ಹಂಗಿಸಿರೋದು ನನಗೆ ಹಿಡಿಸ್ಲಿಲ್ಲ, ದುಡಿಮೆಗೆ ತಕ್ಕ ಸಂಬಳ ಇಲ್ಲ ಅನ್ನೋ ಸಿಟ್ಟು ಮಾತ್ರ ನೂರಕ್ಕೆ ನೂರು ನಿಜದ್ದು.