ಕೈಲಾಗದ್ದೋ, ಜಾಣಕಿವುಡೋ?

ದಾವಣಗೆರೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗವಿಲ್ಲ. ಮುಖ್ಯವಾದದ್ದು ಇಷ್ಟು:

"ನಾವು ನಾಲ್ಕು ಜನ ಗೆಳೆಯರು ರಾತ್ರಿ ಊಟ ಆದ ಮೇಲೆ ಒಂದು ಆನ್‌ಲೈನ್ ಶೂಟಿಂಗ್ ಗೇಮ್ ಆಡುತ್ತೇವೆ. ನೆಟ್ ಒಂದು ಕ್ಷಣ ಹೋಗಿ ಮತ್ತೆ ಬಂದರೆ ಸಾಕು, ಗನ್ ರೀಲೋಡ್ ಆಗುವುದೇ ಇಲ್ಲ. ಮ್ಯಾಚ್ ಮುಗಿಯುವವರೆಗೂ ಚಾಕು ಹಿಡಿದು ಓಡಾಡಬೇಕು. ಈ ಬಗ್ (ಪ್ರೋಗ್ರಾಮಿನ ದೋಷ) ಬಂದು ವರ್ಷದ ಮೇಲಾಯಿತು. ಎಷ್ಟು ಸಲ ರಿಪೋರ್ಟ್ ಮಾಡಿದರೂ ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಮೊನ್ನೆ ಸಪೋರ್ಟ್ ಚಾಟ್‌ನಲ್ಲಿ ಸಿಕ್ಕವನಿಗೆ ಚೆನ್ನಾಗಿ ಉಗಿದೆ. ಹೊಸ ಸ್ಕಿನ್ (ಪಾತ್ರ, ಗನ್‌ಗಳಿಗೆ ಹಾಕುವ ವೇಷ) ಮಾತ್ರ ತಪ್ಪದೆ ಬರುತ್ತವೆ. ಗೋಡೆ ಹಿಂದೆ ಹೋದ ಮೇಲೂ ಗುಂಡು ತಗುಲಿ ಸಾಯುವುದು ಬೇರೆ. ಇವರಿಗೆ ಕೈಲಾಗುವುದಿಲ್ಲವೋ, ಜಾಣಕಿವುಡೋ? ಪ್ರತಿ ಸೀಸನ್ನಿಗೂ (ಕೆಲವು ತಿಂಗಳ ಕಂತಿಗೂ) ದುಡ್ಡು ಕೊಟ್ಟು ಪಾಸ್ ತಗೊಳ್ಳುವವರು ನಾವು. ಆಟ ಬಿಟ್ಟುಬಿಡುವುದೇ ವಾಸಿಯಾ?"

ಸಂಪಾದಕರ ಉತ್ತರ

ಆಟದ ಹೆಸರನ್ನು ಬೇಕಂತಲೇ ತೆಗೆದಿದ್ದೇನೆ. ಹೆಸರು ಇಲ್ಲದಿದ್ದರೂ ಬೇರೆ ಬೇರೆ ಗೇಮ್ ಆಡುವವರೆಲ್ಲ ಇದನ್ನು ತಮ್ಮದೇ ಪತ್ರ ಅಂದುಕೊಳ್ಳುತ್ತಾರೆ, ನೋಡುತ್ತಿರಿ.

ಮೊದಲು ಗೋಡೆಯ ವಿಷಯ ಮುಗಿಸಿಬಿಡೋಣ, ಯಾಕಂದರೆ ಅದು ಬಗ್ ಅಲ್ಲ. ಎದುರಾಳಿಯ ಫೋನಿನಲ್ಲಿ ಕಾಣುವ ನೀವು, ಒಂದಿಷ್ಟು ಮಿಲಿಸೆಕೆಂಡ್ ಹಿಂದಿನ ನೀವು. ನಿಮ್ಮ ಚಲನೆ ಸರ್ವರಿಗೆ, ಅಂದರೆ ಆಟ ನಡೆಸುವ ಕಂಪನಿಯ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಅವನಿಗೆ ತಲುಪಬೇಕಲ್ವಾ? ಅವನು ಗುಂಡು ಹಾರಿಸಿದಾಗ ಸರ್ವರ್ ಆಟವನ್ನು ಅಷ್ಟು ಹೊತ್ತು ಹಿಂದಕ್ಕೆ ತಿರುಗಿಸಿ, ಅವನ ಕಣ್ಣಿಗೆ ನೀವು ಎಲ್ಲಿದ್ದಿರಿ ಅಂತ ನೋಡುತ್ತದೆ. ಇದಕ್ಕೆ ಲ್ಯಾಗ್ ಕಾಂಪೆನ್ಸೇಶನ್ ಅನ್ನುತ್ತಾರೆ. ಸೆಕೆಂಡಿಗೆ 6 ಮೀಟರ್ ಓಡುವ ಪಾತ್ರ 150 ಮಿಲಿಸೆಕೆಂಡಿನಲ್ಲಿ 90 ಸೆಂಟಿಮೀಟರ್ ಹೋಗಿರುತ್ತದೆ. ನಿಮ್ಮ ಪರದೆಯಲ್ಲಿ ನೀವು ಗೋಡೆಯ ಹಿಂದೆ, ಅವನ ಪರದೆಯಲ್ಲಿ ಇನ್ನೂ ಬಯಲಲ್ಲಿ. ಈ ಏರ್ಪಾಡು ಇಲ್ಲದಿದ್ದರೆ ಪ್ರತಿಯೊಬ್ಬರೂ ಖಾಲಿ ಜಾಗಕ್ಕೆ ಗುರಿ ಇಡಬೇಕಾಗುತ್ತಿತ್ತು. ಇಬ್ಬರಲ್ಲಿ ಒಬ್ಬರಿಗೆ ಅನ್ಯಾಯ ಆಗಲೇಬೇಕು. ಹೆಚ್ಚಿನ ಗೇಮ್‌ಗಳು ಗುಂಡು ಹಾರಿಸಿದವನ ಪಕ್ಷ ವಹಿಸುತ್ತವೆ. ಹಾಗಾಗಿ ಈ ದೂರನ್ನು ರೀಲೋಡ್ ದೂರಿನ ಜೊತೆ ಸೇರಿಸಿ ಕಳಿಸಬೇಡಿ. ಓದುವವರು ಎರಡನ್ನೂ "ನೆಟ್ ಸಮಸ್ಯೆ" ಅಂತ ಒಂದೇ ಮೂಲೆಗೆ ತಳ್ಳುತ್ತಾರೆ.

ರೀಲೋಡ್ ಮಾತ್ರ ಅಪ್ಪಟ ಬಗ್. ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಉತ್ತರ ಕೊಡಲು ನನಗೆ ಜಿಟಿಎ ಆನ್‌ಲೈನ್‌ಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಆ ಆಟ ಗೇಮ್ ಕನ್ಸೋಲ್‌ಗಳಲ್ಲಿ ಶುರುವಾದದ್ದು 2013ರ ಅಕ್ಟೋಬರ್‌ನಲ್ಲಿ. ಕಂಪ್ಯೂಟರಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಲೋಡ್ ಆಗಲು ಅದು ತೆಗೆದುಕೊಳ್ಳುತ್ತಿದ್ದ ಸಮಯ ಆಟಗಾರರ ನಡುವೆ ದೊಡ್ಡ ನಗೆಪಾಟಲಿನ ವಿಷಯ ಆಗಿತ್ತು. ಒತ್ತಿ ಹೋಗಿ ಕಾಫಿ ಮಾಡಿಕೊಂಡು ಬಂದರೂ ಇನ್ನೂ ಮೋಡದ ಚಿತ್ರವೇ. ವರ್ಷಗಟ್ಟಲೆ ಬೈದರು, ಏನೂ ಆಗಲಿಲ್ಲ. ಕೊನೆಗೆ 2021ರ ಫೆಬ್ರವರಿ 28ರಂದು ಒಬ್ಬ ಆಟಗಾರ, ಪ್ರೋಗ್ರಾಮಿಂಗ್ ಬಲ್ಲವನು, ತಾನು ಕಂಡುಕೊಂಡದ್ದನ್ನು ಬರೆದು ಹಾಕಿದ. ಅವನ ಹತ್ತಿರ ಆಟದ ಸೋರ್ಸ್ ಕೋಡ್ (ಪ್ರೋಗ್ರಾಮರ್‌ಗಳು ಬರೆದ ಮೂಲ ಪಠ್ಯ) ಇರಲಿಲ್ಲ. ಲೋಡ್ ಆಗುವಾಗ ಪ್ರೊಸೆಸರಿನ ಒಂದೇ ಒಂದು ಕೋರ್ ನಿಮಿಷಗಟ್ಟಲೆ ಬೆವರು ಸುರಿಸುತ್ತಿದೆ, ಉಳಿದವು ಸುಮ್ನೆ ಕೂತಿವೆ ಅನ್ನೋದು ಅವನ ಕಣ್ಣಿಗೆ ಬಿತ್ತು. ಆ ಕೋರ್ ಅಷ್ಟು ಹೊತ್ತು ಏನು ಮಾಡುತ್ತಿದೆ ಅಂತ ಬೆನ್ನು ಹತ್ತಿದ.

ಸಿಕ್ಕಿದ್ದೇನು ಗೊತ್ತಾ? 10 ಎಂಬಿಯ ಒಂದು ಪಠ್ಯದ ಫೈಲು. ಅದರಲ್ಲಿ ಸುಮಾರು 63,000 ಐಟಂಗಳ ಪಟ್ಟಿ. ಪ್ರೋಗ್ರಾಂ ಅದರಿಂದ ಒಂದೊಂದೇ ತುಣುಕು ಓದುತ್ತಿತ್ತು, ಮತ್ತು ಪ್ರತಿ ತುಣುಕು ಓದುವ ಮೊದಲು ಫೈಲು ಕೊನೆಯವರೆಗೆ ಎಷ್ಟು ಉದ್ದ ಇದೆ ಅಂತ ಅಳೆಯುತ್ತಿತ್ತು. ಅಂಗಡಿಯವನು ಖಾತೆ ಪುಸ್ತಕದ ಒಂದು ಸಾಲು ಓದಿ, ಮುಂದಿನ ಸಾಲಿಗೆ ಹೋಗುವ ಮೊದಲು ಪುಸ್ತಕದಲ್ಲಿ ಉಳಿದ ಪುಟಗಳನ್ನೆಲ್ಲ ಎಣಿಸಿದ ಹಾಗೆ. ಓದಿದ ಮೇಲೆ ಇನ್ನೊಂದು ಕೆಲಸ: ಈ ಐಟಂ ಆಗಲೇ ಬಂದಿದೆಯಾ ಅಂತ ಅಲ್ಲಿಯವರೆಗಿನ ಎಲ್ಲದರ ಜೊತೆ ಹೋಲಿಸುವುದು. ಒಟ್ಟು ಸುಮಾರು 198 ಕೋಟಿ ಹೋಲಿಕೆ! ಪಟ್ಟಿಯಲ್ಲಿ ಒಂದೂ ಎರಡು ಸಲ ಬಂದಿರಲಿಲ್ಲ, ಅದು ಬೇರೆ ಮಾತು.

ಅವನು ಈ ಎರಡನ್ನೂ ತಪ್ಪಿಸುವ ಸಣ್ಣ ತೇಪೆ ಹಾಕಿದ. ಅವನ ಕಂಪ್ಯೂಟರಿನಲ್ಲಿ 6 ನಿಮಿಷ ಹಿಡಿಯುತ್ತಿದ್ದ ಲೋಡಿಂಗ್ 1 ನಿಮಿಷ 50 ಸೆಕೆಂಡಿಗೆ ಇಳಿಯಿತು. ಆಟ ತಯಾರಿಸಿದ ರಾಕ್‌ಸ್ಟಾರ್ ಕಂಪನಿ ಅದನ್ನು ಒಪ್ಪಿಕೊಂಡು ಮಾರ್ಚ್ 16ಕ್ಕೆ ಅಪ್‌ಡೇಟ್ ಬಿಟ್ಟಿತು. ಅವನಿಗೆ 10,000 ಡಾಲರ್ ಕೊಟ್ಟಿತು, ಆಗಿನ ಲೆಕ್ಕದಲ್ಲಿ 7 ಲಕ್ಷ ರೂಪಾಯಿಗೂ ಜಾಸ್ತಿ. ವರ್ಷಗಟ್ಟಲೆ ಕೂತಿದ್ದ ಬಗ್ ಎರಡು ವಾರ ಚಿಲ್ಲರೆ ದಿನದಲ್ಲಿ ಎದ್ದು ಹೋಯಿತು.

ಆ 63,000 ಐಟಂಗಳ ಪಟ್ಟಿ ಯಾವುದು ಅಂತ ಹೇಳಲೇ ಇಲ್ಲ. ಆಟದೊಳಗಿನ ಅಂಗಡಿಯ ಸರಕು. ಕಾರು, ಬಟ್ಟೆ, ಟೋಪಿ, ಹೀಗೆ ಆಟಗಾರರು ಕೊಳ್ಳಬಹುದಾದದ್ದರ ಪಟ್ಟಿ. ಹೊಸ ಸರಕು ಬಂದಷ್ಟೂ ಪಟ್ಟಿ ಬೆಳೆಯುತ್ತದೆ. ಪಟ್ಟಿ ಎರಡರಷ್ಟಾದರೆ ಇಂಥ ಹೋಲಿಕೆಯ ಕೆಲಸ ನಾಲ್ಕರಷ್ಟಾಗುತ್ತದೆ. ಪಟ್ಟಿ ಚಿಕ್ಕದಿದ್ದಾಗ ಇದು ಯಾರ ಗಮನಕ್ಕೂ ಬರುವಂಥದ್ದಲ್ಲ. ಸ್ಕಿನ್ ಬಗ್ಗೆ ನಿಮ್ಮ ಸಿಟ್ಟು ಓದುವಾಗ ನನಗೆ ಇದು ನೆನಪಾಗದೆ ಇರಲಿಲ್ಲ.

ಕೈಲಾಗದ್ದೇನೂ ಅಲ್ಲ ಅನ್ನೋದು ಇಲ್ಲಿಗೆ ಸ್ಪಷ್ಟ. ಹಾಗಂತ ಸ್ಕಿನ್ ಬರೆಯುವ ಚಿತ್ರಕಾರರನ್ನು ಕೂರಿಸಿ ನೆಟ್‌ವರ್ಕ್ ಕೋಡ್ ಸರಿಮಾಡಿ ಅನ್ನಲಾಗದು. ಇವರು ಬೇರೆ, ಅವರು ಬೇರೆ. "ಸ್ಕಿನ್ ನಿಲ್ಲಿಸಿದರೆ ಬಗ್ ಹೋಗುತ್ತದೆ" ಎಂಬ ಮಾತು ನಿಜವಾಗುವುದು ಮೇಲೆ ಕೂತು ಕ್ಯಾಲೆಂಡರ್ ಬರೆಯುವವರ ಮಟ್ಟದಲ್ಲಿ ಮಾತ್ರ. ಈ ತಿಂಗಳು ಯಾವುದು ಹೊರಗೆ ಬರಬೇಕು, ಯಾರು ಯಾವುದಕ್ಕೆ ಕೂರಬೇಕು ಅಂತ ತೀರ್ಮಾನಿಸುವವರು ಅವರು. ಜಾಣಕಿವುಡು ಇರುವುದೂ ಅಲ್ಲೇ. ಲೋಡಿಂಗ್ ನಿಧಾನ ಅಂತ ಜನ ಆಟ ಬಿಡಲಿಲ್ಲ, ಖರ್ಚು ಮಾಡುವುದನ್ನೂ ಬಿಡಲಿಲ್ಲ. ಹಾಗಿದ್ದ ಮೇಲೆ ಅದನ್ನು ನೋಡು ಅಂತ ಒಬ್ಬ ಎಂಜಿನಿಯರಿಗೆ ಒಂದು ವಾರ ಬಿಡುವು ಮಾಡಿಕೊಡಲು ಯಾರಿಗೆ ಅವಸರ?

ಅವಸರ ಹುಟ್ಟಿದಾಗ ಇದೇ ಕ್ಯಾಲೆಂಡರ್ ಬದಲಾದದ್ದೂ ಇದೆ. ರೇನ್‌ಬೋ ಸಿಕ್ಸ್ ಸೀಜ್ ಆಟದವರು 2017ರಲ್ಲಿ ಒಂದು ಇಡೀ ಸೀಸನ್ನಿನ ಹೊಸ ಪಾತ್ರ, ಹೊಸ ಮ್ಯಾಪ್ ಎಲ್ಲ ಮುಂದಕ್ಕೆ ಹಾಕಿ, ಆಪರೇಶನ್ ಹೆಲ್ತ್ ಅಂತ ಹೆಸರಿಟ್ಟು ಸರ್ವರ್, ಮ್ಯಾಚ್‌ಮೇಕಿಂಗ್, ಬಗ್ ರಿಪೇರಿಗೆ ಕೂತರು. ಆಗಲೂ ಕೆಲವು ಆಟಗಾರರು "ಹೊಸದೇನೂ ಇಲ್ವಾ" ಅಂತ ಗೊಣಗಿದರು ಅನ್ನಿ. ಪಬ್‌ಜಿಯವರು 2018ರ ಆಗಸ್ಟ್‌ನಲ್ಲಿ ಫಿಕ್ಸ್ ಪಬ್‌ಜಿ ಅಂತಲೇ ಒಂದು ಅಭಿಯಾನ ಶುರುಮಾಡಿ ಮೂರು ತಿಂಗಳು ನಡೆಸಿದರು. ಟೀಮ್ ಫೋರ್ಟ್ರೆಸ್ 2ರ ಕಥೆ ಇಷ್ಟು ಸುಖದ್ದಲ್ಲ. ಸರ್ವರ್‌ಗಳಲ್ಲಿ ಗುರಿ ತಪ್ಪದ, ಮನುಷ್ಯರ ಬದಲು ಆಡುವ ಪ್ರೋಗ್ರಾಂಗಳಾದ ಬಾಟ್‌ಗಳು ತುಂಬಿಕೊಂಡಿದ್ದವು. 2022ರ ಮೇ ತಿಂಗಳಲ್ಲಿ ಆಟಗಾರರು ಒಟ್ಟಾಗಿ ದನಿ ಎತ್ತಿದರು. ವಾಲ್ವ್ ಕಂಪನಿ "ಕೇಳಿಸಿಕೊಂಡಿದ್ದೇವೆ" ಅಂತ ಒಂದು ಟ್ವೀಟ್ ಹಾಕಿತು. ಬಾಟ್‌ಗಳು ಮತ್ತೆ ಬಂದವು. 2024ರ ಜೂನ್‌ನಲ್ಲಿ ಆಟಗಾರರ ಮನವಿಗೆ 3 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದ ಮೇಲೆ ದೊಡ್ಡ ಪ್ರಮಾಣದಲ್ಲಿ ಬಾಟ್ ಖಾತೆಗಳು ಬ್ಯಾನ್ ಆದವು.

ಆಟಗಾರರೂ ಎಲ್ಲ ಸಲ ಸಾಚಾ ಅಲ್ಲ, ಇದನ್ನೂ ಹೇಳಿಬಿಡುತ್ತೇನೆ. ಕೌಂಟರ್-ಸ್ಟ್ರೈಕ್ ಎಂಬ ಶೂಟಿಂಗ್ ಆಟದ ಪಂದ್ಯಗಳಲ್ಲಿ ತಂಡದ ಕೋಚ್‌ಗೆ ಮ್ಯಾಪಿನ ಬೇರೆ ಜಾಗ ಕದ್ದು ನೋಡಲು ಬಿಡುವ ಒಂದು ಬಗ್ ವರ್ಷಗಟ್ಟಲೆ ಇತ್ತು. ಕಂಡವರು ಕೆಲವರು ವರದಿ ಮಾಡುವ ಬದಲು ಬಳಸಿಕೊಂಡರು. 2020ರಲ್ಲಿ ಹಳೆಯ ಮ್ಯಾಚ್‌ಗಳ ರೆಕಾರ್ಡಿಂಗ್ ಜಾಲಾಡಿದಾಗ 37 ಕೋಚ್‌ಗಳಿಗೆ ಶಿಕ್ಷೆಯಾಯಿತು. ಲಾಭ ಕೊಡುವ ಬಗ್ ಬಗ್ಗೆ ಯಾರೂ ಪತ್ರ ಬರೆಯುವುದಿಲ್ಲ, ಅಲ್ವಾ?

ಇನ್ನು ನಿಮ್ಮ ರಿಪೋರ್ಟ್. "ಗನ್ ರೀಲೋಡ್ ಆಗ್ತಿಲ್ಲ, ಬೇಗ ಸರಿಮಾಡಿ" ಅಂತ ಬರೆದಿದ್ದರೆ ಅದು ಎಲ್ಲೂ ಹೋಗುವುದಿಲ್ಲ. ಆಫೀಸಿನಲ್ಲಿ ಕೂತು ಪರೀಕ್ಷೆ ಮಾಡುವವರ ನೆಟ್ ದಾವಣಗೆರೆಯ ಮಳೆಗಾಲದ ನೆಟ್ ಹಾಗೆ ಹೋಗಿ ಬರುವುದಿಲ್ಲ. ಅವರ ಕೈಯಲ್ಲಿ ಬಗ್ ಒಂದು ಸಲವೂ ಕಾಣಿಸದಿದ್ದರೆ "ಮರುಕಳಿಸಲಿಲ್ಲ" ಅಂತ ಬರೆದು ಟಿಕೆಟ್ (ದೂರಿನ ದಾಖಲೆ) ಮುಚ್ಚುತ್ತಾರೆ. ನನ್ನ ಊಹೆ ಹೇಳಲಾ? ರೀಲೋಡ್ ಮಾಡುತ್ತಿರುವಾಗಲೇ ನೆಟ್ ಹೋದರೆ, ರೀಲೋಡ್ ಇನ್ನೂ ನಡೆಯುತ್ತಿದೆ ಅಂತ ಸರ್ವರ್ ಅಂದುಕೊಂಡಿರುತ್ತದೆ, ಮುಗಿಯಿತು ಅಂತ ಫೋನ್ ಅಂದುಕೊಂಡಿರುತ್ತದೆ. ಇಬ್ಬರೂ ಇನ್ನೊಬ್ಬರಿಗಾಗಿ ಕಾಯುತ್ತಾ ಕೂರುತ್ತಾರೆ. ನೀವೇ ಪರೀಕ್ಷೆ ಮಾಡಿ. ರ್‍ಯಾಂಕ್ ಇಲ್ಲದ ಮ್ಯಾಚ್‌ನಲ್ಲಿ ರೀಲೋಡ್ ಒತ್ತಿ, ಅದು ಮುಗಿಯುವ ಮೊದಲೇ ಫ್ಲೈಟ್ ಮೋಡ್ ಹಾಕಿ, ಐದು ಸೆಕೆಂಡಿಗೆ ತೆಗೆಯಿರಿ. ಆಮೇಲೆ ರೀಲೋಡ್ ಒತ್ತದೆಯೇ ಅದನ್ನೇ ಮಾಡಿ. ಒಂದರಲ್ಲಿ ಬಗ್ ಬಂದು ಇನ್ನೊಂದರಲ್ಲಿ ಬರದಿದ್ದರೆ ಅದನ್ನೇ ಬರೆಯಿರಿ: ಇಂಥ ಫೋನ್, ಆಟದ ಇಂಥ ವರ್ಶನ್, ಇಂಥ ಗನ್, ಹತ್ತು ಸಲ ಮಾಡಿದರೆ ಇಷ್ಟು ಸಲ ಬಂತು. ಪಿಂಗ್ (ಸರ್ವರಿಗೆ ಹೋಗಿ ಬರಲು ಹಿಡಿಯುವ ಸಮಯ) ಕಾಣುವ ಹಾಗೆ ಪರದೆ ರೆಕಾರ್ಡ್ ಮಾಡಿ ಜೊತೆಗಿಡಿ. ನೀವು ನಾಲ್ಕು ಜನ ಇದ್ದೀರಿ, ನಾಲ್ಕು ಬೇರೆ ಬೇರೆ ಫೋನ್. ಅದು ದೊಡ್ಡ ಅನುಕೂಲ.

ಇದು ನಿಮ್ಮ ಕೆಲಸ ಅಲ್ಲ ಅನ್ನೋದು ನನಗೂ ಗೊತ್ತು. ದುಡ್ಡು ಕೊಟ್ಟವನೇ ರಿಪೇರಿಗೂ ಕೂರಬೇಕು ಅಂದರೆ ಸಿಟ್ಟು ಬರುವುದು ನ್ಯಾಯವೇ. ಆದರೆ ಜಿಟಿಎ ಬಗ್ ಎದ್ದು ಹೋಗಿದ್ದು ಹಾಗೇ. ಬೈದವರು ಬಹಳ ಜನ, ಕಾರಣ ತೋರಿಸಿದವನು ಒಬ್ಬ.

ಚಾಟ್‌ನಲ್ಲಿ ಸಿಕ್ಕವನಿಗೆ ಉಗಿದದ್ದು ಮಾತ್ರ ದಂಡ. ಅವನು ಕೋಡ್ ಮುಟ್ಟುವವನಲ್ಲ. ಹೆಚ್ಚೆಂದರೆ ನಿಮ್ಮ ಟಿಕೆಟನ್ನು ಸರಿಯಾದ ತಂಡಕ್ಕೆ ಕಳಿಸಬಲ್ಲ. ಆ ಒಂದು ಕೆಲಸವನ್ನು ಅವನು ಮನಸ್ಸಿಟ್ಟು ಮಾಡುವುದು ನಿಮಗೆ ಬೇಕು.

ಆಟ ಬಿಡಬೇಕಾ ಅಂತ ಕೇಳಿದ್ದೀರಿ. ನಾಲ್ಕು ಗೆಳೆಯರು ರಾತ್ರಿ ಒಟ್ಟಿಗೆ ಸೇರಲು ಒಂದು ನೆಪ ಅದು, ಬಗ್‌ಗೋಸ್ಕರ ಯಾಕೆ ಬಿಡಬೇಕು? ಪಾಸ್ ಮಾತ್ರ ತಗೊಳ್ಳಬೇಡಿ. ನಾಲ್ವರೂ ಮುಂದಿನ ಸೀಸನ್ನಿಗೆ ದುಡ್ಡು ಹಾಕದೆ ಆಡಿ, ಯಾಕೆ ಹಾಕಲಿಲ್ಲ ಅನ್ನೋದನ್ನು ಸ್ಟೋರಿನ ರಿವ್ಯೂನಲ್ಲಿ ಎರಡು ಸಾಲು ಬರೆದು, ಟಿಕೆಟ್ ನಂಬರ್ ಹಾಕಿ. ಕ್ಯಾಲೆಂಡರ್ ಬರೆಯುವವರು ಓದುವುದು ದುಡ್ಡಿನ ಲೆಕ್ಕವನ್ನು. ಫ್ಲೈಟ್ ಮೋಡ್ ಪರೀಕ್ಷೆಯಲ್ಲಿ ಏನು ಸಿಕ್ಕಿತು ಅಂತ ನಮಗೂ ಬರೆಯಿರಿ, ಪ್ರಕಟಿಸುತ್ತೇವೆ.