ಒಂದೇ ಸುತ್ತಿನ ಲೆಕ್ಕ

ಪ್ರಶ್ನೆ: ಸ್ವಂತ ತಂಡ ಕಟ್ಟಿ ತಾನೇ ಕಾರು ಓಡಿಸುತ್ತಿದ್ದ ಅಲನ್ ಕುಲ್ವಿಕಿ 1992ರ ನಾಸ್ಕಾರ್ (ಅಮೆರಿಕದ ಕಾರ್ ರೇಸ್ ಸರಣಿ) ಕೊನೇ ರೇಸಿನಲ್ಲಿ ಎರಡನೆಯವ. ಆದರೂ ಚಾಂಪಿಯನ್ ಆದದ್ದು ಹೇಗೆ?
– ಗ್ಯಾರೇಜ್ ಮೆಕ್ಯಾನಿಕ್, ಹುಮನಾಬಾದ್

ಉತ್ತರ: ಪಟ್ಟ ವರ್ಷದ ಒಟ್ಟು ಅಂಕಕ್ಕೆ. ಅಟ್ಲಾಂಟಾದ ಆ ಕೊನೇ ರೇಸ್ ಗೆದ್ದ ಬಿಲ್ ಎಲಿಯಟ್‌ಗೆ 175 ಅಂಕ, ಕುಲ್ವಿಕಿಗೆ 170. ಆಗಿನ ನಿಯಮದಂತೆ ಒಂದು ಸುತ್ತಾದರೂ ಮುಂದಿದ್ದರೆ ಇನ್ನೂ 5. ಅತಿ ಹೆಚ್ಚು ಸುತ್ತು ಮುಂದಿದ್ದವನಿಗೆ ಮತ್ತೂ 5. ಕುಲ್ವಿಕಿ ಮುಂದಿದ್ದದ್ದು 103 ಸುತ್ತು, ಎಲಿಯಟ್ 102! ಹೀಗೆ ಇಬ್ಬರಿಗೂ 180. ವರ್ಷದ ಮೊತ್ತದಲ್ಲಿ ಕುಲ್ವಿಕಿ 10 ಅಂಕ ಮುಂದೆಯೇ ಉಳಿದ. ಆ ಕೊನೆಯ 5 ಇವನ ಕೈತಪ್ಪಿ ಎಲಿಯಟ್ ಪಾಲಾಗಿದ್ದರೆ ಮೊತ್ತ ಸಮ, ಆಗ ಹೆಚ್ಚು ರೇಸ್ ಗೆದ್ದವನಿಗೆ ಪಟ್ಟ. ಆ ವರ್ಷ ಎಲಿಯಟ್ ಗೆದ್ದದ್ದು 5 ರೇಸ್, ಕುಲ್ವಿಕಿ ಬರೀ 2. ಅದಕ್ಕೇ ಪೆಟ್ರೋಲ್ ಮುಗಿಯುವ ಭಯವಿದ್ದರೂ 103 ಖಚಿತವಾದ ಮೇಲೆಯೇ ಪಿಟ್‌ಗೆ (ಪೆಟ್ರೋಲ್ ತುಂಬಿಸುವ ನಿಲುಗಡೆಗೆ) ಬಂದ. ಅದೂ ಮೊದಲ ಗೇರ್ ಮುರಿದ ಕಾರು. ಪಿಟ್‌ನಿಂದ ಮೇಲಿನ ಗೇರಿನಲ್ಲೇ ಎತ್ತಬೇಕು. ಕ್ಲಚ್ ಸುಟ್ಟಿದ್ದರೆ ಲೆಕ್ಕವೆಲ್ಲ ಮಣ್ಣುಪಾಲು, ನಿಮಗೆ ಬೇರೆ ಹೇಳಬೇಕೆ?