ಗರ್ಭಚೀಲ ತೆಗೆಸಿದ ಮೇಲೂ ಗಡ್ಡಿ ಯಾಕ ಬರ್ತೈತಿ?

ಪ್ರಶ್ನೆ: ಡಾಕ್ಟ್ರಮ್ಮಾರಿಗೆ ನಮಸ್ಕಾರ್ರಿ. ನನಗ 46 ವರ್ಷ, ಸಿಂಧನೂರು ತಾಲೂಕಿನ ಹಳ್ಳಿಯಾಕಿ. ಬ್ಲೀಡಿಂಗ್ ಜಾಸ್ತಿ ಅಂತ 6 ವರ್ಷದ ಹಿಂದ ಗರ್ಭಚೀಲ ತೆಗೆಸೀನ್ರಿ. ಈಗ ನಾಟಿ ಹಚ್ಚಾಕ ಬಗ್ಗಿದ್ರ ಕಿಬ್ಬೊಟ್ಟಿ ಎಡಕ್ಕ ಜಗ್ಗಿದಂಗ ಆಗ್ತೈತಿ, ಸ್ಕ್ಯಾನಿಂಗ್‌ನ್ಯಾಗ 6 ಸೆಂಟಿಮೀಟರ್ ನೀರಿನ ಗಡ್ಡಿ ಐತಿ ಅಂದ್ರು. ಚೀಲನ ಇಲ್ಲ, ಗಡ್ಡಿ ಎಲ್ಲಿಂದ ಬಂತು? ನಮ್ಮತ್ತಿಯವ್ರು ಕ್ಯಾನ್ಸರ್ ಇರಬೇಕು ಅಂತಾರ, ನಿದ್ದಿ ಹತ್ತವಲ್ದು.

ಉತ್ತರ: ತಂಗಿ, ಮೊದ್ಲು ಒಂದು ಮಾತು ಕೇಳವ್ವ, ಗರ್ಭಚೀಲ ತೆಗೆದ್ರು ಅಂದ್ರ ಅದರ ಎರಡೂ ಬದಿಗೆ ಇರೋ, ತತ್ತಿ ಬಿಡೋ ಅಂಡಾಶಯನೂ ತೆಗೆದ್ರು ಅಂತಲ್ಲ. ಸಣ್ಣ ವಯಸ್ಸಿನವ್ರಿಗೆ ಎಲುಬು, ಹೃದಯಕ್ಕ ತೊಂದ್ರಿ ಆಗಬಾರದು ಅಂತ ಅಂಡಾಶಯ ಚಲೋ ಇದ್ರ ಸಾಮಾನ್ಯವಾಗಿ ಬಿಟ್ಟಿರ್ತಾರ, ಅದು ಮುಟ್ಟು ಇಲ್ದಿದ್ರೂ ತನ್ನ ಕೆಲಸ ಮಾಡ್ತಾನ ಇರ್ತೈತಿ, ಅದರಾಗ ನೀರಿನ ಗಡ್ಡಿ ಆಗೋದು ಬಾಳ ಕಾಮನ್. ಇನ್ನೊಂದು, ಆಪರೇಷನ್ ಆದಲ್ಲಿ ಒಳಗಿನ ಪದರ, ಕರುಳು ಒಂದಕ್ಕೊಂದು ಅಂಟಿಕೊಂಡು ನಡುವೆ ನೀರು ನಿಂತ್ರೂ ಸ್ಕ್ಯಾನ್‌ನ್ಯಾಗ ಗಡ್ಡಿ ಹಂಗ ಕಾಣತೈತಿ, ಅದನ್ನ ಕೊಯ್ದು ತೆಗೆದ್ರೂ ಎಷ್ಟೋ ಮಂದಿಗೆ ಮತ್ತ ತುಂಬತೈತಿ, ಅದಕ್ಕ ನಾನು ಗಡಿಬಿಡಿ ಆಪರೇಷನ್ ಬ್ಯಾಡ ಅನ್ನೋದು.

ಕ್ಯಾನ್ಸರ್ ಇರೋದೇ ಇಲ್ಲ ಅಂತ ಸ್ಕ್ಯಾನ್ ನೋಡದ ನಾ ಹೇಳಂಗಿಲ್ಲ. ಅಂಡಾಶಯ ಇದ್ದಷ್ಟು ದಿನ ಆ ಸಾಧ್ಯತೆ ಇದ್ದೇ ಇರ್ತೈತಿ. ಗಡ್ಡಿ ಗೋಡಿ ತೆಳ್ಳಗದಾವೋ, ಒಳಗ ಬರೇ ನೀರೋ ಇಲ್ಲಾ ಗಟ್ಟಿ ಭಾಗ ಐತೋ, ಇದು ಮುಖ್ಯ. ಬರೇ ನೀರು ಇದ್ರ ಕೆಲವು ತಿಂಗಳು ಬಿಟ್ಟು ಮತ್ತ ಸ್ಕ್ಯಾನ್ ಮಾಡಿ ನೋಡ್ತಾರ, ಗಟ್ಟಿ ಇದ್ರ ಎಂಆರ್‌ಐ, ಅಂಡಾಶಯದ ಕ್ಯಾನ್ಸರ್ ಸುಳಿವು ನೋಡೋ ಸಿಎ-125 ರಕ್ತ ಪರೀಕ್ಷೆ ಬರಿತಾರ. ಈ ಸಿಎ-125 ಗರ್ಭಚೀಲದ ಒಳಪದರದಂಥ ಪದರ ಚೀಲದ ಹೊರಗ ಬೆಳೆಯೋ ಎಂಡೊಮೆಟ್ರಿಯೋಸಿಸ್‌ನ್ಯಾಗೂ ಏರತೈತಿ, ಅದೊಂದ ನಂಬರ್ ನೋಡಿ ಅಳ್ತಾ ಕೂಡಬ್ಯಾಡ.

ಹೊಟ್ಟಿ ಉಬ್ಬೋದು, ಎರಡು ತುತ್ತಿಗೇ ಹೊಟ್ಟಿ ತುಂಬಿದಂಗ ಆಗೋದು, ತೂಕ ಇಳಿಯೋದು, ಕೆಳಗ ರಕ್ತ ಕಾಣೋದು ಇದ್ರ ಈ ವಾರನ ತೋರಿಸು. ಒಮ್ಮಿಂದೊಮ್ಮೆ ತಡೆಯಲಾರದ ನೋವು, ವಾಂತಿ ಬಂದ್ರ ಅಂಡಾಶಯ ತಿರುಚಿಕೊಂಡಿರಬಹುದು, ಬೆಳಗಾಗ್ಲಿ ಅಂತ ಕಾಯದ ರಾತ್ರಿನ ದವಾಖಾನಿಗೆ ಹೋಗು.

ನಾಟಿ ಮುಗೀಲಿ ಅಂತ ಮುಂದ ಹಾಕಬ್ಯಾಡ ತಂಗಿ. ರಾಯಚೂರಿನ ಸರ್ಕಾರಿ ದವಾಖಾನಿ ರಿಮ್ಸ್‌ನ್ಯಾಗ ಹೆಣ್ಮಕ್ಕಳ ವಿಭಾಗ ಐತಿ, ಹೋಗುವಾಗ 6 ವರ್ಷದ ಹಿಂದಿನ ಡಿಸ್ಚಾರ್ಜ್ ಚೀಟಿ, ತೆಗೆದ ಚೀಲದ ಬಯಾಪ್ಸಿ ರಿಪೋರ್ಟ್ ಹುಡುಕಿ ತಗೊಂಡು ಹೋಗು, ಅಂಡಾಶಯ ಬಿಟ್ಟಾರೋ ಇಲ್ಲೋ ಅದರಾಗ ಬರೆದಿರ್ತೈತಿ. ಚೀಟಿ ಸಿಗಲಿಲ್ಲ ಅಂದ್ರ ಆಪರೇಷನ್ ಆದ ದವಾಖಾನ್ಯಾಗ ಕಾಪಿ ಕೇಳು, ಕೇಳೋದು ನಿನ್ನ ಹಕ್ಕು.